ಉಣ್ಣುವ ಕೈ ಕಡೆ ನಿಂತ ಅಜ್ಜ

ಹಳೆಯ ಯುದ್ಧದ ಫೋಟೋ ಕಂಡರೆ ನಾನು ಮೊದಲು ಟಾಯರ್ ನೋಡುತ್ತೇನೆ. ನನ್ನ ಹೆಂಡತಿ ಮೊದಲು ಅಂಗಿ ನೋಡುತ್ತಿದ್ದಳು. ಮುಖ ನೋಡಬೇಕೆಂಬುದು ಇಬ್ಬರಿಗೂ ಕೊನೆಗೆ ನೆನಪಾಗುತ್ತಿತ್ತು.

ನಾನು ಬಸ್ ಡಿಪೋದಲ್ಲಿ ಟಾಯರ್ ಬಿಚ್ಚಿ ಹಾಕುವ ಕೆಲಸ ಮಾಡಿ ನಿವೃತ್ತನಾದವನು. ಅವಳು ಬೈಲಹೊಂಗಲದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಜಂಪರ್, ಮಕ್ಕಳಿಗೆ ಶಾಲೆಯ ಅಂಗಿ ಹೊಲಿಯುತ್ತಿದ್ದಳು. ಯುದ್ಧಕ್ಕೂ ನಮಗೂ ಏನೂ ಸಂಬಂಧವಿರಲಿಲ್ಲ. ಒಂದು ಆಗಸ್ಟ್ ತಿಂಗಳಲ್ಲಿ ಗಿರಾಕಿಯೊಬ್ಬಳು ತನ್ನ ಮಗುವಿಗೆ ಸಿಪಾಯಿಯ ವೇಷ ಬೇಕೆಂದು ಖಾಕಿ ಬಟ್ಟೆ ತಂದಿಟ್ಟು ಹೋದಳು. ಈಗಿನ ಎಲೆ ಎಲೆ ಚಿತ್ತಾರದ್ದು ಬೇಡ, ಹಳೆಯ ಕಾಲದ್ದು ಬೇಕು ಎಂದಿದ್ದಳಂತೆ. ನಮೂನೆ ನೋಡಲು ನನ್ನ ಹೆಂಡತಿ ನನ್ನ ಮೊಬೈಲಿನಲ್ಲಿ ಹಳೆಯ ಯುದ್ಧದ ಫೋಟೋ ಹುಡುಕಿಸಿದಳು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತ ಕುಳಿತೆವು.

“ಈ ಕಿಸೆ ನೋಡ್ರಿ. ನಡುವ ಒಂದು ನೆರಿಗಿ ಹಿಡದಾನ. ಒಳಗ ಏನರ ತುಂಬಿದರ ಉಬ್ಬಾಕ ಜಾಗಾ ಬೇಕಲ್ಲ, ಅದಕ್ಕ. ಶಾಣ್ಯಾ ಟೇಲರ್ ಇದ್ದಾನ.”

“ಹಿಂದಿನ ಲಾರಿ ಟಾಯರ್ ನೋಡು. ಹಲ್ಲು ಎಷ್ಟು ದಪ್ಪ ಅದಾವ! ಇದು ಡಾಂಬರ್ ಹಾದಿಗೆ ಮಾಡಿದ್ದಲ್ಲ, ಕೆಸರಾಗ ಹೋಗೂ ಟಾಯರ್.”

“ನಾ ಕಿಸೆ ತೋರಿಸಿದರ ನೀವು ಕೆಸರಿಗೆ ಇಳದ್ರಿ.”

ಆ ಮಗುವಿನ ಬಟ್ಟೆ ಹೊಲಿದು ಕೊಟ್ಟಾಯಿತು. ಫೋಟೋ ನೋಡುವ ಚಟ ಮಾತ್ರ ನಮ್ಮಲ್ಲೇ ಉಳಿಯಿತು. ಸಂಜೆ ರೊಟ್ಟಿ ಉಂಡ ಮೇಲೆ ಬೇರೆ ಮನೆಗಳಲ್ಲಿ ಧಾರಾವಾಹಿ ಶುರುವಾದರೆ ನಮ್ಮಲ್ಲಿ ಯುದ್ಧ ಶುರುವಾಗುತ್ತಿತ್ತು. ಫೋಟೋದ ಕೆಳಗೆ ಬರೆದದ್ದನ್ನು ಬೆರಳಿನಿಂದ ಮುಚ್ಚಿ, ಇದು ಯಾವ ಸೀಮೆ, ಇವರು ಯಾರು ಎಂದು ಹೇಳಬೇಕು. ಟಾಯರಿಗೆ ಹಲ್ಲು ಕಡಿಮೆ, ಮೈ ಅಗಲ ಇದ್ದರೆ ನಾನು ಮರಳಿನ ಸೀಮೆ ಎನ್ನುತ್ತಿದ್ದೆ. ತೋಳು ಮಡಚಿದ್ದಾರೆ, ಕಾಲಿಗೆ ಪಟ್ಟಿ ಸುತ್ತಿದ್ದಾರೆ, ಅಂದರೆ ಜಿಗಳೆ ಇರುವ ಕಾಡು ಎಂದು ಅವಳು ಹೇಳುತ್ತಿದ್ದಳು. ಹತ್ತು ಸಲಕ್ಕೆ ಎಂಟು ಸಲ ಇಬ್ಬರೂ ತಪ್ಪು. ಒಮ್ಮೆ ಚಡ್ಡಿಯ ಇಸ್ತ್ರಿ ನೋಡಿ, “ಇಂವ ದೊಡ್ಡ ಸಾಹೇಬ, ಬರೆದು ಕೊಡತೇನಿ” ಎಂದಳು. ಬೆರಳು ತೆಗೆದರೆ ಅವನು ಅಡುಗೆಯವನು. ನಾನು ನಕ್ಕೆ. ಮರುದಿನ ನಾನು ತೋಪಿನ ಗಾಡಿ ಎಂದು ಖಡಾಖಂಡಿತ ಹೇಳಿದ್ದು ನೀರಿನ ಟ್ಯಾಂಕರ್ ಆಗಿತ್ತು. ಅವಳು ಒಂದು ವಾರ ನನಗೆ ನೀರು ಕೊಡುವಾಗಲೆಲ್ಲ, “ತಗೋರಿ, ತೋಪು ಬಂತು” ಎನ್ನುತ್ತಿದ್ದಳು.

ಆದರೆ ಅವಳಿಗೆ ಇದು ಬರೀ ಆಟವಾಗಿರಲಿಲ್ಲ. ಅದು ನನಗೆ ಗೊತ್ತಾಗಿದ್ದು ಸಂಗೊಳ್ಳಿಯಲ್ಲಿ, ಅವಳ ತವರುಮನೆಯಲ್ಲಿ.

ಆ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಫೋಟೋ ಇದೆ. ನಡುವೆ ಒಂದು ಮಿಲಿಟರಿ ಲಾರಿ, ಎದುರಿನಿಂದ ತೆಗೆದದ್ದು. ಮುಂದಿನ ಎರಡು ಗಾಲಿಗಳ ಪಕ್ಕ ಇಬ್ಬರು ಸಿಪಾಯಿಗಳು. ನೋಡುವವರ ಬಲಕ್ಕೆ ನಿಂತವನು ನನ್ನ ಹೆಂಡತಿಯ ಅಜ್ಜ, ಅವಳ ತಂದೆಯ ತಂದೆ. ಬಿಳಿಯರ ಕಾಲದ ದೊಡ್ಡ ಯುದ್ಧಕ್ಕೆ ಹೋದವನು ಮರಳಿ ಬರಲಿಲ್ಲ. ಬಂದದ್ದು ಅಂಗೈಯಷ್ಟು ಸಣ್ಣ ಒಂದು ಫೋಟೋ. ಆಗ ಅವಳ ತಂದೆ ತೊಟ್ಟಿಲಲ್ಲಿ ಇದ್ದನಂತೆ. ಹಾಗಾಗಿ ಅಜ್ಜನ ಮುಖ ಬಲ್ಲವಳು ಆ ಮನೆಯಲ್ಲಿ ಅಜ್ಜಿ ಒಬ್ಬಳೇ. ಆ ಫೋಟೋವನ್ನು ಅವಳು ಪೆಟ್ಟಿಗೆಯ ತಳದಲ್ಲಿ ಇಟ್ಟು ಯಾರಿಗೂ ತೋರಿಸುತ್ತಿರಲಿಲ್ಲವಂತೆ. ಬಹಳ ವರ್ಷಗಳ ಮೇಲೆ ಸಣ್ಣ ಫೋಟೋ ಹುಳ ಹಿಡಿಯತೊಡಗಿದಾಗ ಯಾವುದೋ ಸ್ಟುಡಿಯೋದಲ್ಲಿ ಅದರ ಪ್ರತಿ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದರು. ಹಳೆಯದನ್ನು ಹೊಳೆಗೆ ಬಿಟ್ಟರು. ಅಷ್ಟರಲ್ಲಿ ಅಜ್ಜಿಗೆ ಕಣ್ಣು ಪೂರ್ತಿ ಹೋಗಿತ್ತು. ಯಾರು ಅಜ್ಜ ಎಂದು ಮೊಮ್ಮಕ್ಕಳು ಕೇಳಿದರೆ ನೆನಪಿನಿಂದಲೇ ಹೇಳುತ್ತಿದ್ದಳು: “ಫೋಟೋದ ಮುಂದ ನಿಂದರ್ರಿ. ನಿಮ್ಮ ಉಣ್ಣೂ ಕೈ ಕಡಿ ನಿಂತಾನಲ್ಲ, ಅಂವ.”

ಅಂದಿನಿಂದ ಪ್ರತಿ ಮಾರ್ನಮಿ ಅಮಾವಾಸ್ಯೆಗೆ, ಹಿರಿಯರಿಗೆ ಎಡೆ ಇಡುವ ದಿನ, ಗಾಜಿನ ಮೇಲೆ ಬಲಗಡೆಯವನ ಹಣೆಗೆ ವಿಭೂತಿ ಬೀಳುತ್ತದೆ. ಕಟ್ಟಿನ ಅದೇ ಮೂಲೆಗೆ ಹಾರ, ಅದೇ ಮೂಲೆಯ ಕೆಳಗೆ ಹೋಳಿಗೆ. ಒರೆಸಿದರೆ ಅಜ್ಜನಿಗೆ ಅಪಮಾನ ಎಂದು ಯಾರೂ ಒರೆಸುತ್ತಿರಲಿಲ್ಲ. ವಿಭೂತಿಯ ಮೇಲೆ ವಿಭೂತಿ ಕೂತು ಅವನ ಮುಖ ಅರ್ಧ ಮಂಜಾಗಿತ್ತು.

ನಾವು ಚಟ ಹತ್ತಿಸಿಕೊಂಡ ಮೇಲೆ ಬಂದ ಮೊದಲ ಅಮಾವಾಸ್ಯೆಗೆ ಆ ಫೋಟೋದ ಮುಂದೆ ನಿಂತು ಜಗಳ ತೆಗೆದೆವು.

“ಲಾರಿ ಅಮೆರಿಕಾದ್ದು,” ಎಂದೆ ನಾನು. “ಸ್ಟೇರಿಂಗ್ ಎಡಕ್ಕ ಐತಿ ನೋಡು. ನಮ್ಮ ಬಸ್ಸಿನಂಗ ಬಲಕ್ಕಿಲ್ಲ. ಟಾಯರಿನ ಹಲ್ಲು ದಪ್ಪ. ನಿಮ್ಮಜ್ಜ ಬರ್ಮಾದ ಕೆಸರಿನಾಗ ನಿಂತಾನ.”

“ಲಾರಿ ಸುಡಲಿ ಬಿಡ್ರಿ. ಅಂಗಿ ನೋಡ್ರಿ. ಗಂಡಸರ ಅಂಗಿಗೆ ಎಡಗಡಿ ಪಟ್ಟಿ ಮ್ಯಾಲ ಬರಬೇಕು, ಗುಂಡಿ ಹಾಕೂ ಕಾಜಾ ಅದರಾಗ ಇರಬೇಕು. ಇಲ್ಲಿ ಬಲಗಡೀದು ಮ್ಯಾಲ ಬಂದೈತಿ. ನಮ್ಮಜ್ಜ ಹೆಂಗಸರ ಜಂಪರ್ ಹಾಕ್ಕೊಂಡು ಯುದ್ಧಕ್ಕ ಹೋಗಿದ್ದನೇನು?”

“ಯುದ್ಧದ ಅವಸರದಾಗ ಯಾವನೋ ಟೇಲರ್ ತಪ್ಪು ಹೊಲದಾನ.”

“ಇಬ್ಬರದೂ ಹಂಗ ಐತಿ! ಟೇಲರ್ ಏನು ಕುಡದು ಹೊಲಿತಿದ್ದನೇನ್ರಿ?”

ಹೀಗೆ ನಾನು ಸ್ಟೇರಿಂಗ್ ಬಿಡಲಿಲ್ಲ, ಅವಳು ಗುಂಡಿ ಬಿಡಲಿಲ್ಲ. ವರ್ಷ ವರ್ಷವೂ ಅದೇ ಗೋಡೆಯ ಮುಂದೆ ಅದೇ ವಾದ. ಅವಳ ತಮ್ಮ ಬಂದು, “ಮಾಮಾ, ಅಮೆರಿಕಾ ಮುಗೀತಂದ್ರ ಉಣ್ಣಾಕ ಬರ್ರಿ,” ಎಂದು ಕರೆಯುವವರೆಗೆ ನಡೆಯುತ್ತಿತ್ತು.

ಒಂದು ಸಲ ಮಾತ್ರ ಅವಳು ಜಗಳ ನಿಲ್ಲಿಸಿ ಮೆಲ್ಲಗೆ ಹೇಳಿದಳು: “ಎಷ್ಟು ನೋಡಿದರೂ ಯಾರೋ ಪರಕೀಯನ್ನ ನೋಡಿದಂಗ ಆಕ್ಕೇತ್ರಿ. ನಮ್ಮಪ್ಪನ ಗುರುತು ಇವನಾಗ ಎಲ್ಲೂ ಸಿಗವಲ್ತು. ಒಮ್ಮೆ ಇಬೂತಿ ಒರಸಿ, ನಮ್ಮಜ್ಜನ ಮುಖ ಬರೋಬ್ಬರಿ ನೋಡಬೇಕು.” ಆಮೇಲೆ ಎಡಗಡೆಯವನನ್ನು ತೋರಿಸಿ ನಕ್ಕಳು. “ಈ ಬಡಪಾಯಿನ್ನ ನೋಡ್ರಿ. ನನ್ನಂಗ ಮೊರದಂಥ ಕಿವಿ. ಇವನ ಮನ್ಯಾಗ ಇವಗ ಯಾರರ ಎಡಿ ಇಡತಾರೋ ಇಲ್ಲೋ.” ತನ್ನ ಕಿವಿಯ ಬಗ್ಗೆ ಅವಳಿಗೆ ಸಂಕೋಚ. ಸೆರಗು ಹೊದ್ದರೆ ಮೊದಲು ಕಿವಿ ಮುಚ್ಚುತ್ತಿದ್ದಳು. ಆ ದಿನ ಯಾರೂ ನೋಡದಾಗ ಎಡಗಡೆಯವನ ಹಣೆಗೂ ಉಗುರಿನಷ್ಟು ವಿಭೂತಿ ಹಚ್ಚಿದಳು. ಅವಳ ತಮ್ಮ ಮಾತ್ರ ನೋಡಿಬಿಟ್ಟ. “ಅಕ್ಕಾ, ಊರ ಮಂದಿಗೆಲ್ಲ ಹಚ್ಚಕೋತ ಹೋಗಬ್ಯಾಡ,” ಎಂದ.

ನಮ್ಮ ಚಟ ನೆಂಟರ ಮನೆಗಳಿಗೂ ಹರಡಿತು. ರಾಮದುರ್ಗದಲ್ಲಿ ಒಂದು ಕುಬಸಕ್ಕೆ ಹೋಗಿದ್ದೆವು. ಬಸುರಿ ಸೊಸೆಗೆ ಹಸಿರು ಬಳೆ ಇಡಿಸುತ್ತಿದ್ದರು. ನಾವಿಬ್ಬರೂ ಗೋಡೆ ನೋಡುತ್ತಿದ್ದೆವು. ಮನೆಯ ಯಜಮಾನ ನಮ್ಮನ್ನು ಕಂಡು ಎದೆ ಉಬ್ಬಿಸಿ, “ನಮ್ಮಪ್ಪರಿ. ಯುದ್ಧದಾಗ ಜೀಪ್ ಹೊಡೀತಿದ್ದರು,” ಎಂದ. ಫೋಟೋದಲ್ಲಿ ಖಾಕಿ ಅಂಗಿಯ ಮನುಷ್ಯನೊಬ್ಬ ಜೀಪಿನ ಸ್ಟೇರಿಂಗ್ ಹಿಡಿದು ಕೂತಿದ್ದ. ನಾನು ಟಾಯರ್ ನೋಡಿದೆ. ಭಾರ ಬಿದ್ದ ಟಾಯರ್ ನೆಲಕ್ಕೆ ತಾಗುವಲ್ಲಿ ಚೂರಾದರೂ ಚಪ್ಪಟೆಯಾಗಬೇಕು. ಇದು ಬಳೆ ಇಟ್ಟು ಗೆರೆ ಎಳೆದಷ್ಟು ದುಂಡಗಿತ್ತು. ಸವದತ್ತಿಯ ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಫೋಟೋದವರು ಹಲಗೆಯ ಮೇಲೆ ಜೀಪು, ವಿಮಾನ ಬರೆದು ಇಟ್ಟಿರುತ್ತಿದ್ದರು. ಹಿಂದೆ ಸ್ಟೂಲಿನ ಮೇಲೆ ಕೂತರೆ ಸಾಕು. ಇದು ಆ ಜೀಪೇ.

ನಾನು ಬಾಯಿ ತೆರೆಯುವ ಮೊದಲೇ ಅವಳು ನನ್ನ ತೋಳು ಚಿವುಟಿದಳು. “ಭಾಳ ಚೊಲೊ ಐತ್ರಿ ಅಣ್ಣಾರ, ಫೋಟೋ,” ಎಂದು ಯಜಮಾನನಿಗೆ ಹೇಳಿ, ನನ್ನನ್ನು ಪಂಕ್ತಿಗೆ ಎಳೆದುಕೊಂಡು ಹೋದಳು.

ಬಸ್ಸಿನಲ್ಲಿ ಬರುವಾಗ ಕೇಳಿದೆ, “ನಿನಗೂ ಗೊತ್ತಾತೇನು?”

“ಅಂಗಿ ಮ್ಯಾಲ ಒಂದು ಬಿಲ್ಲೆ ಇಲ್ಲ, ಪಟ್ಟಿ ಇಲ್ಲ. ಬಾಡಿಗಿ ಅಂಗಿ. ನೋಡಿದ ಕೂಡಲೇ ಗೊತ್ತಾತು.”

“ಮತ್ತ ಹೇಳಬೇಕಿಲ್ಲೊ?”

“ಯಾಕ್ರಿ ಹೇಳಬೇಕು? ಒಬ್ಬರು ಹಾಕಿದ ಹಾರ ತೆಗಸೂದು ನಮ್ಮ ಕೆಲಸ ಅಲ್ಲ. ನಮ್ಮ ಕೆಲಸ ನೋಡೂದು ಅಷ್ಟ.”

ಹೋದ ವರ್ಷ ಅವಳು ತೀರಿಕೊಂಡಳು. ಹೊಟ್ಟೆಯ ಬೇನೆ. ಬೆಳಗಾವಿಗೂ ಧಾರವಾಡಕ್ಕೂ ಬಸ್ಸಿನಲ್ಲಿ ಓಡಾಡಿದೆವು. ಕಿತ್ತೂರಿನ ಹತ್ತಿರ ಒಮ್ಮೆ ಮಿಲಿಟರಿ ಲಾರಿಗಳ ಸಾಲೊಂದು ನಮ್ಮ ಬಸ್ಸನ್ನು ದಾಟಿ ಹೋಯಿತು. ಅವಳು ನನ್ನ ಹೆಗಲಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕಣ್ಣು ಬಿಡದೆಯೇ, “ಟಾಯರ್ ಎಣಸಾಕ ಹತ್ತೀರೇನು?” ಎಂದಳು. ಎಣಿಸುತ್ತಿದ್ದೆ. ದವಾಖಾನೆಯಲ್ಲಿ ಕೊನೆಯ ದಿನಗಳಲ್ಲಿ ಒಮ್ಮೆ, “ಈ ಸಲ ಅಮಾಸಿಗೆ ಅಜ್ಜನ ಮುಖ ಒರಸಿ ನೋಡೇಬಿಡೂನ್ರಿ,” ಎಂದಿದ್ದಳು. ಅಮಾವಾಸ್ಯೆ ಬರುವ ಮೊದಲೇ ಹೋದಳು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈ ವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಅವಳ ತಮ್ಮ ಆ ದೊಡ್ಡ ಕಟ್ಟನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಬೈಲಹೊಂಗಲಕ್ಕೆ ಬಂದ. ಪೇಟೆಗೆ ಗೋವಿನಜೋಳ ತಂದಿದ್ದ. ಚೀಲಗಳ ಜೊತೆ ಅಜ್ಜನೂ ಟ್ರ್ಯಾಕ್ಟರ್ ಏರಿ ಬಂದಿದ್ದ.

“ಮಾಮಾ, ಇಲ್ಲಿ ಸ್ಟುಡಿಯೋದಾಗ ಈಗ ಬಣ್ಣ ಹಾಕಿ ಕೊಡತಾರಂತ. ಅಜ್ಜನ್ನ ಒಬ್ಬನ್ನ ಕತ್ತರಿಸಿ ತಗಸರಿ. ಲಾರಿ ಬ್ಯಾಡ, ಆ ಇನ್ನೊಬ್ಬನೂ ಬ್ಯಾಡ. ಹಿಂದ ನೀಲಿ ಬಣ್ಣ ಇರಲಿ. ಅಕ್ಕಂದೂ ಅಷ್ಟ ಅಳತೀದು ಒಂದು ಮಾಡಸರಿ. ತವರಿನಾಗ ಅಜ್ಜನ ಬಾಜೂಕ ಇರಲಿ ಅಕಿ.”

“ಈ ಹಳೇದು?”

“ಕಟ್ಟಿಗೆ ಗೆದ್ದಲ ಹತ್ತೇತಿ. ಹೊಳಿಗೆ ಬಿಡೂನು.”

ಆಯಿತು ಎಂದೆ. ಮೊದಲು ಅವಳ ಫೋಟೋ ತೆಗೆದುಕೊಂಡು ಸ್ಟುಡಿಯೋಕ್ಕೆ ಹೋದೆ. ಯಾವುದೋ ಮದುವೆಯಲ್ಲಿ ತೆಗೆದದ್ದು. ಗಾಳಿಗೆ ಸೆರಗು ಜಾರಿತ್ತು, ನಗುತ್ತಿದ್ದಳು. ಸ್ಟುಡಿಯೋದವನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, “ಕಾಕಾರ, ಕಿವಿ ಸ್ವಲ್ಪ ಒಳಗ ತಗೋಳ್ಲೇನು? ಗೊತ್ತ ಆಗೂದಿಲ್ಲ ನೋಡ್ರಿ,” ಎಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

“ಕಿವಿ ಮುಟ್ಟಬ್ಯಾಡಪಾ,” ಎಂದೆ. “ಕಿವಿ ತೆಗದರ ನನಗ ಗೊತ್ತ ಆಕ್ಕೇತಿ.”

ಮನೆಗೆ ಬಂದು ಅಜ್ಜನ ಕಟ್ಟನ್ನು ಕೈಗೆತ್ತಿಕೊಂಡೆ. ಕೊಡುವ ಮೊದಲು ಗಾಜು ಒರೆಸಬೇಕಿತ್ತು. ಬೆಳಕು ಚೆನ್ನಾಗಿರುವುದು ಅವಳ ಹೊಲಿಗೆಯ ಖೋಲಿಯಲ್ಲಿ. ಅವಳು ಹೋದ ಮೇಲೆ ನಾನು ಅಲ್ಲಿ ಹೆಚ್ಚು ಹೋಗಿರಲಿಲ್ಲ. ಕಟ್ಟನ್ನು ಮಷಿನ್ ಮೇಲೆ ಗೋಡೆಗೆ ಆನಿಸಿ ಇಟ್ಟೆ. ಎದುರಿಗೆ, ಗಿರಾಕಿಗಳು ಅಂಗಿ ತೊಟ್ಟು ನೋಡಿಕೊಳ್ಳಲು ಹಾಕಿಸಿದ್ದ ನಿಲುವುಗನ್ನಡಿ. ಅದಕ್ಕೆ ಧೂಳಿನ ಅರಿವೆ ಹೊದಿಸಿದ್ದೆ. ಆ ಅರಿವೆಯನ್ನೇ ಎಳೆದುಕೊಂಡು ಗಾಜು ಒರೆಸಿದೆ. ವರ್ಷಗಳ ವಿಭೂತಿ ಪುಡಿಯಾಗಿ ಮಷಿನ್ ಮೇಲೆ ಉದುರಿತು. ಬಲಗಡೆಯವನ ಮುಖ ಹೊರಗೆ ಬಂತು. ಒಳ್ಳೆಯ ಮೀಸೆ, ಚಪ್ಪಟೆ ಕಿವಿ, ಯಾರದೋ ಮುಖ. ಅವಳು ಹೇಳಿದ್ದು ಸರಿ: ಅವಳ ತಂದೆಯ ಒಂದು ಗೆರೆಯೂ ಇರಲಿಲ್ಲ.

ಅರಿವೆ ಕೊಡವಲು ತಿರುಗಿದೆ. ಕನ್ನಡಿಯಲ್ಲಿ ಲಾರಿ ಕಂಡಿತು. ಲಾರಿಯ ಸ್ಟೇರಿಂಗ್ ಬಲಕ್ಕಿತ್ತು.

ನಮ್ಮ ಬಸ್ಸಿನ ಹಾಗೆಯೇ, ಬಲಕ್ಕೆ. ಹಾಗೆಯೇ ನಿಂತು ಅಂಗಿ ನೋಡಿದೆ. ಕನ್ನಡಿಯಲ್ಲಿ ಎಡಪಟ್ಟಿ ಮೇಲೆ ಬಂದಿತ್ತು. ಇಬ್ಬರಿಗೂ. ಗಂಡಸರ ಅಂಗಿ, ಗಂಡಸರ ಗುಂಡಿ, ಕುಡಿಯದ ಟೇಲರ್.

“ಏ, ಇಲ್ಲಿ ಬಾ, ನೋಡಿಲ್ಲೆ!” ಎಂದು ಕೂಗಿಯೇ ಬಿಟ್ಟೆ. ಅಡುಗೆಮನೆಯಿಂದ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಅವಳ ಸ್ಟೂಲಿನ ಮೇಲೆ ಕುಳಿತೆ.

ಆಮೇಲೆ ನಿಧಾನವಾಗಿ ಬಿಡಿಸಿಕೊಂಡೆ. ಪ್ರತಿ ತೆಗೆಯುವಾಗ ಫೋಟೋ ತಿರುವುಮುರುವು ಆಗಿದೆ. ಎಡ ಬಲವಾಗಿದೆ, ಬಲ ಎಡವಾಗಿದೆ. ಅಜ್ಜಿ ಹೇಳಿದ್ದು ಹುಳ ಹಿಡಿದ ಹಳೆಯ ಸಣ್ಣ ಫೋಟೋದ ನೆನಪಿನಿಂದ. ಅದರಲ್ಲಿ ಉಣ್ಣುವ ಕೈ ಕಡೆ ನಿಂತವನು ಇದರಲ್ಲಿ ಎಡಗಡೆ ನಿಂತಿದ್ದಾನೆ. ಮೊರದ ಕಿವಿಯ ಬಡಪಾಯಿಯೇ ಅಜ್ಜ. ನಾನೂ ಅವಳೂ ಇಷ್ಟು ವರ್ಷ ಒಂದೇ ಬಾಗಿಲನ್ನು ಇಬ್ಬದಿಯಿಂದ ತಳ್ಳುತ್ತ ನಿಂತಿದ್ದೆವು. ಒಮ್ಮೆ ನಾನು ಅವಳ ಗುಂಡಿಯನ್ನು ನಂಬಿದ್ದರೆ, ಅವಳು ನನ್ನ ಸ್ಟೇರಿಂಗನ್ನು ನಂಬಿದ್ದರೆ, ಅಂದೇ ತಿಳಿಯುತ್ತಿತ್ತು.

ತಿಳಿದದ್ದೇನೋ ಆಯಿತು, ಹೇಳುವುದು ಹೇಗೆ? ರಾಮದುರ್ಗದಲ್ಲಿ ಅವಳು ಚಿವುಟಿದ ಜಾಗ ಇನ್ನೂ ನೆನಪಿತ್ತು. ಒಬ್ಬರು ಹಾಕಿದ ಹಾರ ತೆಗೆಸುವುದು ನಮ್ಮ ಕೆಲಸವಲ್ಲ. ಆದರೆ ಸುಮ್ಮನಿದ್ದರೆ ಅವಳ ಅಜ್ಜನನ್ನು ಕತ್ತರಿಸಿ ಹೊಳೆಗೆ ಬಿಡುತ್ತಾರೆ, ಯಾರೋ ಮೀಸೆಯವನ ಪಕ್ಕ ಅವಳನ್ನು ತೂಗುಹಾಕುತ್ತಾರೆ. ಫೋನ್ ಮಾಡಿ ತಮ್ಮನನ್ನು ಕರೆಸಿದೆ.

ಬಂದವನನ್ನು ಕನ್ನಡಿಯ ಮುಂದೆ ನಿಲ್ಲಿಸಿದೆ. ಸ್ಟೇರಿಂಗ್ ತೋರಿಸಿದೆ, ಗುಂಡಿ ತೋರಿಸಿದೆ, ಅಜ್ಜಿಯ ಮಾತು ನೆನಪಿಸಿದೆ. ಮೊದಲು ಅವನು ನಂಬಲಿಲ್ಲ.

“ಮಾಮಾ, ನಿಮ್ಮ ಅಮೆರಿಕಾ ಒಂದು ಸಾಕಾಗಿತ್ತು. ಈಗ ಇದೇನು ಹೊಸಾದು?”

“ಅಮೆರಿಕಾ ಸುಳ್ಳಾತು. ಅದು ನಮ್ಮ ಕಡೀದ ಲಾರಿ.”

“ನಮ್ಮಪ್ಪ ಸಾಯೂತನಕ ಇವಗ ಕೈ ಮುಗದಾನ್ರಿ,” ಎಂದ ಅವನು, ಮೀಸೆಯವನನ್ನು ತೋರಿಸಿ. ಈ ಸಲ ದನಿಯಲ್ಲಿ ಹಾಸ್ಯವಿರಲಿಲ್ಲ. “ಅಂವ ತಪ್ಪು ಮಾಡಿದ ಅಂತ ನಾ ಹೆಂಗ ಅನ್ನಲಿ?”

ಅವನು ಬಗ್ಗಿ ಇನ್ನೊಬ್ಬನನ್ನು ನೋಡಿದ. ನೋಡುತ್ತಲೇ ಇದ್ದ. ಕೊನೆಗೆ ಬೆರಳಿನಿಂದ ಗಾಜಿನ ಮೇಲೆ ಆ ಕಿವಿಯ ಸುತ್ತ ಒಂದು ಗೆರೆ ಎಳೆದ.

“ಅಪ್ಪಗೂ ಹಿಂಗ ಇದ್ದವ್ರಿ. ರುಮಾಲಿನಾಗ ಮುಚ್ಚಿಡತಿದ್ದ. ಸ್ನಾನ ಮಾಡೂ ಮುಂದ ಅಷ್ಟ ಕಾಣತಿದ್ದವು.” ಮೂಗು ಒರೆಸಿಕೊಂಡ. “ಅಕ್ಕ ಇವಗ ಕದ್ದು ಇಬೂತಿ ಹಚ್ಚಿದ್ದಳು. ನಾ ಬೈದಿದ್ದೆ.”

“ಹೌದು.”

ಆಮೇಲೆ ಅವನಿಗೆ ನಗು ಬಂತು. “ಹಂಗಾರ ಇಷ್ಟು ವರ್ಷ ನಮ್ಮ ಮನಿ ಹೋಳಿಗಿ ಹೊಡದಾಂವ ಯಾರ್ರಿ ಮಾಮಾ?”

“ನಿಮ್ಮಜ್ಜನ ದೋಸ್ತ ಇರಬೇಕು.”

“ದೋಸ್ತಗ ಉಣ್ಣಾಕ ಕೊಟ್ಟು ಅಜ್ಜನ್ನ ಬಾಜೂಕ ನಿಂದ್ರಿಸಿ ತೋರಿಸಿದಂಗಾತಲ್ರಿ!”

ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಆ ಖೋಲಿಯಲ್ಲಿ ಅದೇ ಮೊದಲ ನಗು.

ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಫೋಟೋವನ್ನು ತಿರುಗಿಸಿಬಿಟ್ಟ. ನೆಗೆಟಿವ್ ಮಗುಚಿ ಇಟ್ಟರೆ ಮೊದಲು ಹೀಗಾಗುತ್ತಿತ್ತು ಎಂದ. ಕತ್ತರಿಸುವುದು ಬೇಡ, ಬಣ್ಣವೂ ಬೇಡ, ನೀಲಿಯೂ ಬೇಡ ಎಂದೆವು. ಲಾರಿ ಇರಲಿ, ಇಬ್ಬರೂ ಇರಲಿ. ಅವನಿಗೆ ಬೇಸರವಾಯಿತು, ಪದಕ ಹಾಕಿ ಕೊಡುತ್ತೇನೆ ಎಂದು ಆಸೆ ತೋರಿಸಿದ. ಅದೂ ಬೇಡವೆಂದೆವು.

ಅಮಾವಾಸ್ಯೆಯ ದಿನ ಸಂಗೊಳ್ಳಿಯ ಪಡಸಾಲೆಯಲ್ಲಿ ಹೊಸ ಕಟ್ಟು ಏರಿತು. ಅಜ್ಜ ಉಣ್ಣುವ ಕೈ ಕಡೆಗೇ ಬಂದು ನಿಂತ, ಅಜ್ಜಿ ಹೇಳಿದ ಹಾಗೆ. ಅವನ ಪಕ್ಕಕ್ಕೆ, ಅದೇ ಅಳತೆಯಲ್ಲಿ, ಅವಳು. ತಮ್ಮ ಅಜ್ಜನ ಹಣೆಗೆ ವಿಭೂತಿ ಹಚ್ಚಿದ. ಆಮೇಲೆ ಕೈ ತಡೆದು ನನ್ನ ಮುಖ ನೋಡಿದ. ಕೊನೆಗೆ ತಾನೇ ಮೀಸೆಯವನ ಹಣೆಗೂ ಹಚ್ಚಿದ.

“ರೂಢಿ ಆಗೇತಿ ಅವಗ,” ಎಂದ. “ಈಗ ಬಿಡಸಿದರ ಎಲ್ಲಿಗೆ ಹೋಗಬೇಕು?”

ಸಿಪಾಯಿಗಳಿಬ್ಬರಿಗೆ ಎರಡು ಎಡೆ ಇಟ್ಟರು, ಅವಳದು ಬೇರೆ. ಊಟಕ್ಕೆ ಕರೆದರು. ನಾನು ಇನ್ನೂ ಗೋಡೆಯ ಮುಂದೆಯೇ ನಿಂತಿದ್ದೆ. ಅಮೆರಿಕಾ ಹೋಯಿತು, ಬರ್ಮಾ ಉಳಿಯಿತೋ ಇಲ್ಲವೋ ಗೊತ್ತಿಲ್ಲ, ಅದನ್ನು ಹೇಳಲು ಟಾಯರಿನ ದಪ್ಪ ಹಲ್ಲು ಒಂದೇ ಸಾಲದು. ಆ ದಿನ ಟಾಯರನ್ನು ನಾನು ಕೊನೆಗೆ ನೋಡಿದೆ. ಮೊದಲು ಅಜ್ಜನ ಕಿವಿ ನೋಡಿದೆ, ಆಮೇಲೆ ಅವಳದು, ಮತ್ತೆ ಅಜ್ಜನದು. ಅವಳ ಪರವಾಗಿ ಬರೋಬ್ಬರಿ ನೋಡಿದೆ.